ಜೀಬ್ರಾಗಳ ಹಾಜರಿ ತೆಗೆದುಕೊಂಡವರು



ನಿಮ್ಮ ತರಗತಿಯಲ್ಲಿ ಇಂದು ಎಷ್ಟು ಮಂದಿ ಇದ್ದೀರಿ? ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಮೇಷ್ಟ್ರು ಹಾಜರಿ ಪುಸ್ತಕ ತೆರೆದು ಹೆಸರು ಕೂಗುತ್ತಾರೆ. ನೀವು ಒಬ್ಬೊಬ್ಬರಾಗಿ 'ಹಾಜರ್' ಎನ್ನುತ್ತೀರಿ. ಮನೆಯ ಕುರಿಗಳನ್ನು ಎಣಿಸುವುದೂ ಕಷ್ಟವಲ್ಲ. ಸಂಜೆ ಅವು ದೊಡ್ಡಿಗೆ ಬರುವಾಗ ಬಾಗಿಲಲ್ಲಿ ನಿಂತು ಎಣಿಸಿದರಾಯಿತು.

ಈಗ ಇನ್ನೊಂದು ಪ್ರಶ್ನೆ. ಇಲ್ಲಿ ದೊಡ್ಡಿಯಿಲ್ಲ, ಹಾಜರಿ ಪುಸ್ತಕವಿಲ್ಲ, ಹೆಸರುಗಳೂ ಇಲ್ಲ. ಸಾವಿರಾರು ಚದರ ಕಿಲೋಮೀಟರ್ ಕುರುಚಲು ಕಾಡಿನಲ್ಲಿ ಪ್ರಾಣಿಗಳು ಚದುರಿಹೋಗಿವೆ. ಅವು ಒಂದೇ ಕಡೆ ನಿಲ್ಲುವುದಿಲ್ಲ. ದೂರದಿಂದ ನೋಡಿದರೆ ಒಂದರಂತೆಯೇ ಇನ್ನೊಂದು ಕಾಣುತ್ತದೆ. ಅವುಗಳನ್ನು ಎಣಿಸುವುದು ಹೇಗೆ?

2016ರ ಜನವರಿ 30 ಮತ್ತು 31ರಂದು ಆಫ್ರಿಕಾ ಖಂಡದ ಕೀನ್ಯಾ ದೇಶದಲ್ಲಿ ಇಂಥದ್ದೇ ಒಂದು ಎಣಿಕೆ ನಡೆಯಿತು. ಎಣಿಸಬೇಕಾಗಿದ್ದ ಪ್ರಾಣಿ ಗ್ರೇವಿ ಜೀಬ್ರಾ. ಎಣಿಸಲು ಬಂದವರಲ್ಲಿ ವಿಜ್ಞಾನಿಗಳು ಕೆಲವರೇ. ಉಳಿದವರು ಶಾಲೆಯ ಮಕ್ಕಳು, ಊರಿನ ದನಗಾಹಿಗಳು, ನಗರದಿಂದ ಮನೆಮಂದಿಯೊಂದಿಗೆ ಬಂದವರು, ಪ್ರವಾಸಿಗರು. ಹೀಗೆ ಸಂಬಳ ಬಯಸದೆ, ತಾವಾಗಿಯೇ ಮುಂದೆ ಬಂದು ಕೆಲಸ ಮಾಡುವವರನ್ನು ಸ್ವಯಂಸೇವಕರು ಎನ್ನುತ್ತೇವೆ. ಅವರ ಕೈಯಲ್ಲಿ ಇದ್ದದ್ದು ಕ್ಯಾಮೆರಾ. ಅವರಿಗೆ ಹೇಳಿದ್ದ ಮುಖ್ಯ ನಿಯಮ ಒಂದೇ: 'ಜೀಬ್ರಾದ ಬಲಮೈಯ ಚಿತ್ರವನ್ನೇ ತೆಗೆಯಿರಿ.'

ಬಲಮೈ ಏಕೆ? ಎಡಮೈಯ ಚಿತ್ರ ತೆಗೆದರೆ ಏನಾಗುತ್ತದೆ? ಈ ಸಣ್ಣ ನಿಯಮದೊಳಗೆ ದೊಡ್ಡ ವಿಜ್ಞಾನ ಅಡಗಿದೆ. ಬನ್ನಿ, ಒಂದೊಂದಾಗಿ ನೋಡೋಣ.

ಯಾವುದು ಈ ಗ್ರೇವಿ ಜೀಬ್ರಾ?

ಜೀಬ್ರಾಗಳಲ್ಲಿ ಮೂರು ಪ್ರಭೇದಗಳಿವೆ: ಬಯಲು ಜೀಬ್ರಾ, ಬೆಟ್ಟದ ಜೀಬ್ರಾ ಮತ್ತು ಗ್ರೇವಿ ಜೀಬ್ರಾ. ಚಿತ್ರಪುಸ್ತಕಗಳಲ್ಲಿ ನೀವು ಹೆಚ್ಚಾಗಿ ನೋಡಿರುವುದು ಬಯಲು ಜೀಬ್ರಾವನ್ನು. ಅದರ ಪಟ್ಟೆಗಳು ಅಗಲವಾಗಿದ್ದು ಹೊಟ್ಟೆಯ ಕೆಳಭಾಗದವರೆಗೂ ಬರುತ್ತವೆ. ಗ್ರೇವಿ ಜೀಬ್ರಾದ ಪಟ್ಟೆಗಳು ತೆಳು. ಒಂದರ ಪಕ್ಕ ಒಂದು ಒತ್ತಾಗಿ ಕೂತಿರುತ್ತವೆ. ಹೊಟ್ಟೆಯ ಕೆಳಗೆ ಪಟ್ಟೆಯಿಲ್ಲ, ಬರೀ ಬಿಳಿ. ಕಿವಿಗಳು ದೊಡ್ಡವು, ದುಂಡಗಿನವು. ಕುದುರೆ ಮತ್ತು ಕತ್ತೆಗಳ ಕುಟುಂಬಕ್ಕೆ ಸೇರಿದ ಕಾಡುಪ್ರಾಣಿಗಳಲ್ಲೆಲ್ಲ ಇದೇ ಅತಿ ದೊಡ್ಡದು. ಬೆಳೆದ ಗ್ರೇವಿ ಜೀಬ್ರಾ 350ರಿಂದ 450 ಕಿಲೋಗ್ರಾಂ ತೂಗುತ್ತದೆ.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. 1880ರ ದಶಕದಲ್ಲಿ ಈಗಿನ ಇಥಿಯೋಪಿಯಾ ದೇಶದಿಂದ ಫ್ರಾನ್ಸ್ ದೇಶದ ಅಧ್ಯಕ್ಷರಿಗೆ ಒಂದು ಜೀಬ್ರಾ ಕಾಣಿಕೆಯಾಗಿ ಬಂತು. ಅದು ಬೇರೆಯೇ ಪ್ರಭೇದವೆಂದು ವಿಜ್ಞಾನಿಗಳು 1882ರಲ್ಲಿ ಗುರುತಿಸಿದರು. ಆಗ ಅಧ್ಯಕ್ಷರಾಗಿದ್ದವರು ಜೂಲ್ಸ್ ಗ್ರೇವಿ. ಅವರ ಹೆಸರೇ ಪ್ರಾಣಿಗೆ ಅಂಟಿಕೊಂಡಿತು.

ಒಂದು ಕಾಲದಲ್ಲಿ ಈ ಜೀಬ್ರಾ ಪೂರ್ವ ಆಫ್ರಿಕಾದ ಹಲವು ದೇಶಗಳಲ್ಲಿತ್ತು. ಸೊಮಾಲಿಯಾದಲ್ಲೂ ಇತ್ತು. ಇಂದು ಉಳಿದಿರುವುದು ಕೀನ್ಯಾ ಮತ್ತು ಇಥಿಯೋಪಿಯಾಗಳಲ್ಲಿ ಮಾತ್ರ. ಅದರಲ್ಲೂ ಹೆಚ್ಚಿನವು ಉತ್ತರ ಕೀನ್ಯಾದ ಒಣ ಬಯಲುಗಳಲ್ಲಿವೆ. 1970ರ ದಶಕದ ಕೊನೆಯಲ್ಲಿ ಸುಮಾರು 15,000 ಗ್ರೇವಿ ಜೀಬ್ರಾಗಳಿದ್ದವು. ಇಂದಿನ ಅಂದಾಜು 3,000ದ ಆಸುಪಾಸು. ಅಂದರೆ ಐದು ಇದ್ದ ಕಡೆ ನಾಲ್ಕು ಹೋಗಿ ಒಂದು ಉಳಿದಿದೆ.

ಏಕೆ ಹೀಗಾಯಿತು? ಮೊದಲು ಚರ್ಮದ ಆಸೆಗೆ ಬೇಟೆಯಾಡಿದರು. ಕೀನ್ಯಾ ಸರ್ಕಾರ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಆದರೂ ಸಂಖ್ಯೆ ಏರಲಿಲ್ಲ. ಆ ಒಣ ನೆಲದಲ್ಲಿ ಹುಲ್ಲು ಕಡಿಮೆ, ನೀರು ಇನ್ನೂ ಕಡಿಮೆ. ದನ, ಆಡು, ಒಂಟೆಗಳಿಗೂ ಅದೇ ಹುಲ್ಲು ಬೇಕು, ಅದೇ ನೀರು ಬೇಕು. ಹಗಲಿನಲ್ಲಿ ನೀರಿನ ಗುಂಡಿಗಳ ಸುತ್ತ ಜನ ಮತ್ತು ಜಾನುವಾರು ಇರುತ್ತವೆ. ಜೀಬ್ರಾ ಹೆದರಿ ದೂರ ನಿಲ್ಲುತ್ತದೆ. ರಾತ್ರಿ ನೀರಿಗೆ ಬಂದರೆ ಸಿಂಹ ಹೊಂಚು ಹಾಕಿರುತ್ತದೆ. ಬೆಳೆದ ಗ್ರೇವಿ ಜೀಬ್ರಾ ನೀರಿಲ್ಲದೆ ಕೆಲವು ದಿನ ತಡೆದುಕೊಳ್ಳಬಲ್ಲದು. ಆದರೆ ಮರಿಗೆ ಹಾಲೂಡಿಸುವ ತಾಯಿ ತಡೆಯಲಾರದು. ಅದು ಹೆಚ್ಚುಕಡಿಮೆ ದಿನವೂ ನೀರು ಕುಡಿಯಲೇಬೇಕು. ಇಲ್ಲದಿದ್ದರೆ ಹಾಲು ಬತ್ತುತ್ತದೆ, ಮರಿ ಸಾಯುತ್ತದೆ. ಮರಿ ಹಾಕಲು ತಾಯಿ ಸುಮಾರು 13 ತಿಂಗಳು ಗರ್ಭ ಹೊರುತ್ತದೆ. ಆದ್ದರಿಂದ ಸತ್ತ ಒಂದು ಮರಿಯ ಜಾಗ ತುಂಬಲು ತುಂಬಾ ಕಾಲ ಬೇಕು.

ಇಂಥ ಪ್ರಾಣಿಯನ್ನು ಉಳಿಸಲು ಹೊರಟವರಿಗೆ ಮೊದಲು ಗೊತ್ತಿರಬೇಕಾದದ್ದು ಏನು? ಎಷ್ಟಿವೆ ಎಂಬುದು. ಹೆಚ್ಚುತ್ತಿವೆಯೇ, ಕಡಿಮೆಯಾಗುತ್ತಿವೆಯೇ ಎಂಬುದು. ಜ್ವರ ಎಷ್ಟಿದೆ ಎಂದು ನೋಡದೆ ಔಷಧಿ ಕೊಡಲಾಗುತ್ತದೆಯೇ?

ಹುಣಸೆ ಬೀಜದ ಪಾಠ

ಕೀನ್ಯಾಕ್ಕೆ ಹೋಗುವ ಮೊದಲು ನಮ್ಮ ಜಿಲ್ಲೆಯ ಒಂದು ಶಾಲೆಗೆ ಹೋಗೋಣ. ಅಲ್ಲಿನ ಏಳನೇ ತರಗತಿಯಲ್ಲಿ ನಾನು ಒಂದು ಚಟುವಟಿಕೆ ಮಾಡಿಸಿದ್ದೆ. ಬೇಕಾದ ಸಾಮಗ್ರಿ ತೀರಾ ಸರಳ: ಒಂದು ಡಬ್ಬಿ ತುಂಬ ಹುಣಸೆ ಬೀಜ, ಸ್ವಲ್ಪ ಬಿಳಿ ಬಣ್ಣ, ಒಂದು ಕಡ್ಡಿ.

"ಬೀಜಗಳನ್ನೆಲ್ಲ ಎಣಿಸದೆ ಡಬ್ಬಿಯಲ್ಲಿ ಎಷ್ಟಿವೆ ಎಂದು ಹೇಳಬೇಕು" ಎಂದೆ. ಮಕ್ಕಳು ನಕ್ಕರು. ಎಣಿಸದೆ ಹೇಳುವುದು ಹೇಗೆ ಸಾರ್, ಊಹೆ ಹೊಡೆಯುವುದೇ ಎಂದು ಒಬ್ಬಳು ಕೇಳಿದಳು.

ಊಹೆ ಬೇಡ, ಲೆಕ್ಕ ಮಾಡೋಣ ಎಂದು ಶುರು ಮಾಡಿದೆವು. ಮೊದಲು ಡಬ್ಬಿಯಿಂದ ಒಂದು ಹಿಡಿ ಬೀಜ ತೆಗೆದೆವು. ಎಣಿಸಿದಾಗ 40 ಇದ್ದವು. ಒಂದೊಂದಕ್ಕೂ ಬಿಳಿ ಬಣ್ಣದ ಬೊಟ್ಟು ಇಟ್ಟೆವು. ಒಣಗಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಕಲಕಿದೆವು. ಕಣ್ಣು ಮುಚ್ಚಿ ಎರಡನೆಯ ಬಾರಿ ಬೀಜ ತೆಗೆದೆವು. ಈ ಸಲ 50 ಬಂದವು. ಅವುಗಳಲ್ಲಿ ಬೊಟ್ಟಿದ್ದವು 10.

ಈಗ ಯೋಚಿಸಿ. ಎರಡನೆಯ ಹಿಡಿಯ 50 ಬೀಜಗಳಲ್ಲಿ ಬೊಟ್ಟಿನವು 10. ಅಂದರೆ ಐದರಲ್ಲಿ ಒಂದು. ಚೆನ್ನಾಗಿ ಕಲಕಿದ್ದರಿಂದ ಡಬ್ಬಿಯಲ್ಲೂ ಸರಿಸುಮಾರು ಐದರಲ್ಲಿ ಒಂದು ಬೀಜಕ್ಕೆ ಬೊಟ್ಟಿರಬೇಕು. ನಾವು ಬೊಟ್ಟಿಟ್ಟಿದ್ದು 40 ಬೀಜಗಳಿಗೆ. ಐದರಲ್ಲಿ ಒಂದು ಪಾಲು 40 ಆದರೆ ಒಟ್ಟು ಎಷ್ಟು? 40 × 5 = 200.

ಇದನ್ನೇ ಸೂತ್ರವಾಗಿ ಬರೆಯಬಹುದು:

ಒಟ್ಟು = (ಮೊದಲ ಸಲ ಸಿಕ್ಕವು × ಎರಡನೆಯ ಸಲ ಸಿಕ್ಕವು) ÷ ಎರಡೂ ಸಲ ಸಿಕ್ಕವು

40 × 50 ÷ 10 = 200. ಆಮೇಲೆ ಡಬ್ಬಿ ಬೋರಲು ಹಾಕಿ ಒಂದೊಂದಾಗಿ ಎಣಿಸಿದೆವು. 212 ಇದ್ದವು. ಪೂರ್ತಿ ಸರಿ ಬರಲಿಲ್ಲ, ಆದರೆ ಎಷ್ಟು ಹತ್ತಿರ ಬಂತು ನೋಡಿ! ಆದ್ದರಿಂದಲೇ ಇದನ್ನು 'ಅಂದಾಜು' ಎನ್ನುತ್ತಾರೆ. ಇದು ಬಾಯಿಗೆ ಬಂದ ಸಂಖ್ಯೆಯಲ್ಲ, ಲೆಕ್ಕದ ಬುನಾದಿ ಇರುವ ಅಂದಾಜು.

ಅದೇ ದಿನ ಇನ್ನೊಂದು ಗುಂಪಿನ ಮಕ್ಕಳಿಗೆ 400 ಬಂತು. ಅವರ ಡಬ್ಬಿಯಲ್ಲಿ ಇದ್ದದ್ದೂ ಹೆಚ್ಚುಕಡಿಮೆ 200 ಬೀಜಗಳೇ. ತಪ್ಪು ಎಲ್ಲಾಯಿತು? ಗುಣಾಕಾರ, ಭಾಗಾಕಾರ ಎರಡನ್ನೂ ಮತ್ತೆ ಮಾಡಿದರು. ಸರಿಯಾಗಿಯೇ ಇತ್ತು. ಕೊನೆಗೆ ಒಬ್ಬ ಹುಡುಗ ಡಬ್ಬಿಯ ತಳದಲ್ಲಿ ಬಿಳಿ ಪುಡಿ ಬಿದ್ದಿರುವುದನ್ನು ತೋರಿಸಿದ. ಬಣ್ಣ ಸಾಲದೆಂದು ಅವರು ಸೀಮೆಸುಣ್ಣ ನೆನೆಸಿ ಬೊಟ್ಟಿಟ್ಟಿದ್ದರು. ಕಲಕುವಾಗ ಅರ್ಧದಷ್ಟು ಬೊಟ್ಟುಗಳು ಉದುರಿಹೋಗಿದ್ದವು. ಎರಡನೆಯ ಹಿಡಿಯಲ್ಲಿ 10 ಕಾಣಬೇಕಾದ ಕಡೆ 5 ಮಾತ್ರ ಕಂಡವು. 40 × 50 ÷ 5 = 400. ಗುರುತು ಅಳಿಸಿದ್ದಕ್ಕೆ ಬೀಜಗಳು ಎರಡರಷ್ಟಾದವು!

ಈ ತಪ್ಪನ್ನು ಚೆನ್ನಾಗಿ ನೆನಪಿಡಿ. ಮುಂದೆ ಕೀನ್ಯಾದಲ್ಲಿ ಇದೇ ಮತ್ತೆ ಎದುರಾಗುತ್ತದೆ.

ಈ ವಿಧಾನ ಹೊಸದೇನಲ್ಲ. ಡೆನ್ಮಾರ್ಕ್ ದೇಶದ ಪೀಟರ್ಸನ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಸಮುದ್ರದ ಮೀನುಗಳಿಗೆ ಗುರುತಿನ ಬಿಲ್ಲೆ ಹಾಕಿ ಬಿಟ್ಟು, ಮತ್ತೆ ಹಿಡಿದು ಅಭ್ಯಾಸ ಮಾಡಿದ್ದರು. 1930ರಲ್ಲಿ ಅಮೆರಿಕದ ಲಿಂಕನ್ ಎಂಬವರು ಕಾಲಿಗೆ ಬಳೆ ಹಾಕಿದ ಬಾತುಕೋಳಿಗಳಿಂದ ಬಾತುಗಳ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಿದರು. ಇಬ್ಬರ ಹೆಸರನ್ನೂ ಸೇರಿಸಿ ಇದನ್ನು ಲಿಂಕನ್–ಪೀಟರ್ಸನ್ ವಿಧಾನ ಎಂದು ಕರೆಯುತ್ತಾರೆ.

ಹುಟ್ಟಿನಿಂದಲೇ ಬಂದ ಗುರುತು

ಹುಣಸೆ ಬೀಜಕ್ಕೆ ಬೊಟ್ಟಿಡಬಹುದು. 400 ಕಿಲೋಗ್ರಾಂ ತೂಕದ ಕಾಡುಪ್ರಾಣಿಗೆ? ಹಿಡಿಯಬೇಕಾದರೆ ಅರಿವಳಿಕೆ ಮದ್ದು ಕೊಡಬೇಕು. ಅದು ಬೆದರಿ ಓಡಿ ಗಾಯ ಮಾಡಿಕೊಳ್ಳಬಹುದು. ಖರ್ಚೂ ಹೆಚ್ಚು. ಅಳಿವಿನ ಅಂಚಿನಲ್ಲಿರುವ ಪ್ರಾಣಿಯನ್ನು ಎಣಿಸಲು ಹೋಗಿ ಕೊಲ್ಲಬಾರದಲ್ಲ!

ಆದರೆ ಪ್ರಕೃತಿಯೇ ಜೀಬ್ರಾಕ್ಕೆ ಗುರುತು ಹಾಕಿ ಕಳಿಸಿದೆ. ನಿಮ್ಮ ಹೆಬ್ಬೆರಳಿನ ಗೆರೆಗಳನ್ನು ನೋಡಿಕೊಳ್ಳಿ. ಅಂಥ ಗೆರೆಗಳು ನಿಮ್ಮ ಪಕ್ಕದಲ್ಲಿ ಕೂತವರಿಗಿಲ್ಲ. ಜೀಬ್ರಾದ ಪಟ್ಟೆಗಳೂ ಹಾಗೆಯೇ. ಒಂದರಲ್ಲಿ ತೊಡೆಯ ಮೇಲಿನ ಪಟ್ಟೆ ಕವಲೊಡೆದಿರುತ್ತದೆ. ಇನ್ನೊಂದರಲ್ಲಿ ಹೆಗಲ ಹತ್ತಿರ ಎರಡು ಪಟ್ಟೆಗಳು ಕೂಡಿಕೊಂಡಿರುತ್ತವೆ. ಒಂದು ಜೀಬ್ರಾದ ಪಟ್ಟೆಗಳ ವಿನ್ಯಾಸ ಇನ್ನೊಂದಕ್ಕೆ ಇರುವುದಿಲ್ಲ. ಬೆಳೆದಂತೆ ಮೈ ದೊಡ್ಡದಾದರೂ ವಿನ್ಯಾಸ ಬದಲಾಗುವುದಿಲ್ಲ. ಸೀಮೆಸುಣ್ಣದಂತೆ ಉದುರುವುದೂ ಇಲ್ಲ.

ಹಾಗಾದರೆ ಹಿಡಿಯುವ ಬದಲು ಚಿತ್ರ ತೆಗೆದರೆ ಸಾಕು! ಮೊದಲ ದಿನ ಚಿತ್ರದಲ್ಲಿ ಸಿಕ್ಕ ಜೀಬ್ರಾಗಳು ಮೊದಲ ಹಿಡಿಯ ಬೀಜಗಳಿದ್ದಂತೆ. ಎರಡನೆಯ ದಿನ ಸಿಕ್ಕವು ಎರಡನೆಯ ಹಿಡಿ. ಎರಡೂ ದಿನ ಸಿಕ್ಕ ಜೀಬ್ರಾಗಳೇ ಬೊಟ್ಟಿನ ಬೀಜಗಳು. ಉಳಿದದ್ದು ನಿಮಗೆ ಗೊತ್ತಿರುವ ಸೂತ್ರ. ವಿಜ್ಞಾನಿಗಳು ಇದಕ್ಕೆ ಇನ್ನೂ ಕೆಲವು ತಿದ್ದುಪಡಿಗಳನ್ನು ಸೇರಿಸುತ್ತಾರೆ. ಬುನಾದಿ ಮಾತ್ರ ಇದೇ.

ಎರಡು ದಿನಗಳು ಒಂದಕ್ಕೊಂದು ಅಂಟಿಕೊಂಡೇ ಇರಬೇಕು. ಮಧ್ಯದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕೆಲವು ಸಾಯಬಹುದು, ಕೆಲವು ಹುಟ್ಟಬಹುದು, ಕೆಲವು ಬೇರೆ ಕಡೆ ಹೋಗಬಹುದು. ನಾವು ಕಲಕುತ್ತಿರುವಾಗ ಯಾರೋ ಡಬ್ಬಿಗೆ ಹೊಸ ಬೀಜ ಸುರಿದರೆ ಲೆಕ್ಕ ಕೆಡುವುದಿಲ್ಲವೇ, ಹಾಗೆ.

ಆ ಎರಡು ದಿನಗಳು

ಈಗ ಕೀನ್ಯಾಕ್ಕೆ ಬರೋಣ. 2015ರಲ್ಲಿ ಈ ವಿಧಾನವನ್ನು ರಾಜಧಾನಿ ನೈರೋಬಿಯ ಅಂಚಿನಲ್ಲೇ ಇರುವ ರಾಷ್ಟ್ರೀಯ ಉದ್ಯಾನದಲ್ಲಿ ಪರೀಕ್ಷಿಸಿ ನೋಡಿದ್ದರು. ಅಲ್ಲಿ ಬಯಲು ಜೀಬ್ರಾ ಮತ್ತು ಜಿರಾಫೆಗಳ ಚಿತ್ರ ತೆಗೆದಿದ್ದರು. ಅದು ಯಶಸ್ವಿಯಾದ್ದರಿಂದ 2016ರಲ್ಲಿ ದೊಡ್ಡ ಪ್ರಯತ್ನಕ್ಕೆ ಕೈಹಾಕಿದರು. ಅದಕ್ಕೆ 'ಗ್ರೇಟ್ ಗ್ರೇವೀಸ್ ರ‍್ಯಾಲಿ' ಎಂದು ಹೆಸರಿಟ್ಟರು. ಕೀನ್ಯಾದ ವನ್ಯಜೀವಿ ಇಲಾಖೆ, ಗ್ರೇವೀಸ್ ಜೀಬ್ರಾ ಟ್ರಸ್ಟ್, ಮ್ಪಾಲಾ ಸಂಶೋಧನಾ ಕೇಂದ್ರ, ಹಲವು ಸಂರಕ್ಷಿತ ಪ್ರದೇಶಗಳು ಮತ್ತು ವಿಶ್ವವಿದ್ಯಾಲಯಗಳು ಕೈಜೋಡಿಸಿದವು.

ಲೈಕಿಪಿಯಾ, ಸಂಬುರು, ಇಸಿಯೊಲೊ, ಮಾರ್ಸಬಿಟ್, ಮೇರು ಎಂಬ ಜಿಲ್ಲೆಗಳಲ್ಲಿ ಗ್ರೇವಿ ಜೀಬ್ರಾಗಳಿವೆ. ಭೂಮಧ್ಯರೇಖೆ ಹಾದುಹೋಗುವ ಸೀಮೆ ಇದು. ಕೆಂಪು ಮಣ್ಣು, ಜಾಲಿಯ ಜಾತಿಯ ಮುಳ್ಳುಗಿಡಗಳು, ಅಲ್ಲಲ್ಲಿ ಬಂಡೆಗುಡ್ಡಗಳು. ಮಳೆ ಬಂದರೆ ಹಸಿರು, ಇಲ್ಲದಿದ್ದರೆ ಧೂಳು. ಈ ವಿಶಾಲ ಪ್ರದೇಶವನ್ನು ಭಾಗಗಳಾಗಿ ಹಂಚಿ, ಒಂದೊಂದು ಭಾಗಕ್ಕೆ ತಂಡಗಳನ್ನು ಕಳಿಸಿದರು. ನೂರಕ್ಕೂ ಹೆಚ್ಚು ಕ್ಯಾಮೆರಾಗಳು ಕೆಲಸ ಮಾಡಿದವು. ಚಿತ್ರ ತೆಗೆದ ಜಾಗ ಮತ್ತು ಸಮಯವನ್ನು ತಾವೇ ಗುರುತಿಸಿಕೊಳ್ಳುವ ಜಿಪಿಎಸ್ ಉಪಕರಣ ಅವುಗಳಲ್ಲಿತ್ತು.

ಸ್ವಯಂಸೇವಕರ ಕೆಲಸ ಕೇಳಲು ಸುಲಭ, ಮಾಡಲು ತಾಳ್ಮೆ ಬೇಕು. ಜೀಬ್ರಾ ಕಂಡರೆ ವಾಹನ ನಿಧಾನ ಮಾಡಬೇಕು. ಅಟ್ಟಿಸಿಕೊಂಡು ಹೋಗಬಾರದು. ಅದರ ಬಲಮೈ ಪೂರ್ತಿ ಕಾಣುವಂತೆ ಚಿತ್ರ ತೆಗೆಯಬೇಕು. ಅದು ಎಡಕ್ಕೆ ತಿರುಗಿ ನಿಂತಿದ್ದರೆ ಕಾಯಬೇಕು. ಪೊದೆಯ ಹಿಂದೆ ಇದ್ದರೂ ಕಾಯಬೇಕು. ಸೂರ್ಯಾಸ್ತದ ಹಿನ್ನೆಲೆಯಲ್ಲಿ ಕಪ್ಪಾಗಿ ಕಾಣುವ ಜೀಬ್ರಾದ ಚಿತ್ರ ಕ್ಯಾಲೆಂಡರಿಗೆ ಚೆನ್ನ, ಎಣಿಕೆಗೆ ಪ್ರಯೋಜನವಿಲ್ಲ. ಪಟ್ಟೆ ಕಾಣಬೇಕು, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಚಿಂತೆ ಇರಲಿಲ್ಲ. 'ಈ ಜೀಬ್ರಾವನ್ನು ಬೆಳಿಗ್ಗೆಯೇ ನೋಡಿದ್ದೆವಲ್ಲ, ಮತ್ತೆ ಚಿತ್ರ ತೆಗೆಯಬೇಕೇ?' ಎಂದು ಯೋಚಿಸಬೇಕಾಗಿರಲಿಲ್ಲ. ಕಂಡದ್ದನ್ನೆಲ್ಲ ತೆಗೆಯುವುದು ಅವರ ಕೆಲಸ. ಒಂದೇ ಜೀಬ್ರಾದ ಹತ್ತು ಚಿತ್ರಗಳನ್ನು ಒಟ್ಟುಗೂಡಿಸಿ 'ಇದು ಒಂದೇ' ಎಂದು ಹೇಳುವುದು ಕಂಪ್ಯೂಟರಿನ ಕೆಲಸ.

ಎರಡು ದಿನಗಳಲ್ಲಿ 40 ಸಾವಿರಕ್ಕೂ ಹೆಚ್ಚು ಚಿತ್ರಗಳು ಸೇರಿದವು. ಇಷ್ಟನ್ನು ಕಣ್ಣಿನಿಂದ ಹೋಲಿಸಿ ನೋಡಲು ಎಷ್ಟು ಕಾಲ ಬೇಕು ಊಹಿಸಿ. ಆದ್ದರಿಂದ ಒಂದು ವಿಶೇಷ ತಂತ್ರಾಂಶವನ್ನು ಬಳಸಿದರು. ಅದು ಚಿತ್ರದಲ್ಲಿ ಜೀಬ್ರಾದ ಮೈಯನ್ನು ಗುರುತಿಸುತ್ತದೆ. ಪಟ್ಟೆ ಕವಲೊಡೆಯುವ, ಬಾಗುವ, ಕೂಡುವ ಜಾಗಗಳನ್ನು ಹುಡುಕುತ್ತದೆ. ಉಳಿದ ಚಿತ್ರಗಳೊಡನೆ ಹೋಲಿಸಿ, 'ಈ ಎರಡು ಚಿತ್ರಗಳಲ್ಲಿರುವುದು ಒಂದೇ ಪ್ರಾಣಿ ಇರಬಹುದು' ಎಂದು ಮುಂದಿಡುತ್ತದೆ. ಅನುಮಾನ ಬಂದ ಕಡೆ ಮನುಷ್ಯರು ನೋಡಿ ತೀರ್ಮಾನಿಸುತ್ತಾರೆ.

ಬಲಮೈಯೇ ಏಕೆ?

ಈಗ ಮೊದಲಿನ ಪ್ರಶ್ನೆಗೆ ಬಂದೆವು. ಒಂದೇ ಜೀಬ್ರಾದ ಎಡಮೈಯ ಪಟ್ಟೆಗಳೂ ಬಲಮೈಯ ಪಟ್ಟೆಗಳೂ ಒಂದೇ ಥರ ಇರುವುದಿಲ್ಲ. ಒಂದು ಜೀಬ್ರಾವನ್ನು ಶನಿವಾರ ಬಲಗಡೆಯಿಂದಲೂ ಭಾನುವಾರ ಎಡಗಡೆಯಿಂದಲೂ ತೆಗೆದರೆ ಏನಾಗುತ್ತದೆ? ಎರಡು ಚಿತ್ರಗಳ ಪಟ್ಟೆಗಳು ಹೊಂದುವುದಿಲ್ಲ. ಕಂಪ್ಯೂಟರ್ 'ಇವು ಬೇರೆ ಬೇರೆ ಜೀಬ್ರಾಗಳು' ಎಂದುಕೊಳ್ಳುತ್ತದೆ. ನಿಜವಾಗಿ ಎರಡೂ ದಿನ ಸಿಕ್ಕ ಪ್ರಾಣಿ ಒಂದೊಂದೇ ದಿನ ಸಿಕ್ಕಂತಾಗುತ್ತದೆ.

ಸೀಮೆಸುಣ್ಣದ ಬೊಟ್ಟು ನೆನಪಾಯಿತೇ? ಅಲ್ಲಿ ಗುರುತು ಉದುರಿತು, ಇಲ್ಲಿ ಗುರುತು ಮರೆಯಾಯಿತು. ಎರಡರ ಪರಿಣಾಮವೂ ಒಂದೇ. ಇರುವುದಕ್ಕಿಂತ ಹೆಚ್ಚು ಪ್ರಾಣಿಗಳಿವೆ ಎಂದು ಲೆಕ್ಕ ಹೇಳುತ್ತದೆ. ಎಲ್ಲರೂ ಒಂದೇ ಮೈಯ ಚಿತ್ರ ತೆಗೆದರೆ ಈ ತಪ್ಪು ತಪ್ಪುತ್ತದೆ.

ಹೆಚ್ಚು ಎಂದು ಬಂದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ರಾಜಸ್ಥಾನದ ಸರಿಸ್ಕಾ ಹುಲಿ ರಕ್ಷಿತಾರಣ್ಯದಲ್ಲಿ ಹುಲಿಗಳಿವೆ ಎಂದು ಕಾಗದದ ಲೆಕ್ಕ ಹೇಳುತ್ತಿತ್ತು. 2005ರಲ್ಲಿ ಹುಡುಕಿ ನೋಡಿದಾಗ ಅಲ್ಲಿ ಒಂದು ಹುಲಿಯೂ ಇರಲಿಲ್ಲ. ಕಳ್ಳಬೇಟೆಗಾರರು ಎಲ್ಲವನ್ನೂ ಮುಗಿಸಿದ್ದರು. ತಪ್ಪು ಲೆಕ್ಕ ಕಾವಲುಗಾರರ ಕಣ್ಣಿಗೆ ಮಂಪರು ತರುತ್ತದೆ. 'ಸಾಕಷ್ಟಿವೆ' ಎಂದು ಎಲ್ಲರೂ ನಿಶ್ಚಿಂತೆಯಿಂದ ಇರುವಾಗಲೇ ಒಂದು ಪ್ರಾಣಿ ಇಲ್ಲವಾಗಬಹುದು.

ನಾಗರಹೊಳೆಯ ನಂಟು

ಪಟ್ಟೆ ನೋಡಿ ಎಣಿಸುವ ವಿದ್ಯೆಗೂ ನಮ್ಮ ಕರ್ನಾಟಕಕ್ಕೂ ಹತ್ತಿರದ ನಂಟಿದೆ. ಹಿಂದೆ ಹುಲಿಗಳನ್ನು ಹೆಜ್ಜೆಗುರುತು ನೋಡಿ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಥರ, ಧೂಳಿನಲ್ಲಿ ಇನ್ನೊಂದು ಥರ ಮೂಡುತ್ತದೆ. ಆದ್ದರಿಂದ ತಪ್ಪುಗಳಾಗುತ್ತಿದ್ದವು. ಕನ್ನಡನಾಡಿನವರೇ ಆದ ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ಕಾಡಿನ ದಾರಿಗಳಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇಟ್ಟರು. ಹುಲಿಯ ಪಟ್ಟೆಗಳನ್ನೇ ಗುರುತಾಗಿಟ್ಟುಕೊಂಡು, ನಾವು ಹುಣಸೆ ಬೀಜದಲ್ಲಿ ಕಂಡ ಲೆಕ್ಕದ ದಾರಿಯಲ್ಲೇ ಸಂಖ್ಯೆಯನ್ನು ಅಂದಾಜು ಮಾಡಿದರು. 1995ರಲ್ಲಿ ಪ್ರಕಟವಾದ ಅವರ ಸಂಶೋಧನೆ ಜಗತ್ತಿನ ಹಲವು ದೇಶಗಳ ವಿಜ್ಞಾನಿಗಳಿಗೆ ದಾರಿ ತೋರಿಸಿತು.

ಹುಲಿಯ ಎಡಮೈ, ಬಲಮೈಗಳ ಪಟ್ಟೆಗಳೂ ಬೇರೆ ಬೇರೆ. ಹುಲಿ ತಿರುಗುವವರೆಗೆ ಕ್ಯಾಮೆರಾ ಕಾಯಲಾರದಲ್ಲ, ಏನು ಮಾಡುತ್ತಾರೆ? ದಾರಿಯ ಎರಡೂ ಬದಿಗೆ ಎದುರುಬದುರಾಗಿ ಎರಡು ಕ್ಯಾಮೆರಾ ಇಡುತ್ತಾರೆ. ಹುಲಿ ನಡುವೆ ಹಾದುಹೋದಾಗ ಎರಡೂ ಮೈಗಳ ಚಿತ್ರ ಒಟ್ಟಿಗೇ ಸಿಗುತ್ತದೆ. ಸಮಸ್ಯೆ ಒಂದೇ, ಉಪಾಯ ಬೇರೆ.

ಎಣಿಸಿದ್ದರಿಂದ ಏನಾಯಿತು?

2016ರ ಎಣಿಕೆಯಲ್ಲಿ ಕೀನ್ಯಾದಲ್ಲಿ ಸುಮಾರು 2,350 ಗ್ರೇವಿ ಜೀಬ್ರಾಗಳಿವೆ ಎಂಬ ಅಂದಾಜು ಸಿಕ್ಕಿತು. 2018ರ ಜನವರಿಯಲ್ಲಿ ಮತ್ತೆ ಎಣಿಸಿದರು. ಆಗ ಜಾಲರಿ ಜಿರಾಫೆಗಳ ಚಿತ್ರವನ್ನೂ ತೆಗೆದರು. ಆ ಸಲ ಜೀಬ್ರಾಗಳ ಅಂದಾಜು 2,812. ಎರಡೇ ವರ್ಷದಲ್ಲಿ 462 ಹೆಚ್ಚಿದವೇ? ಅವಸರ ಬೇಡ. 200 ಎಂದು ಬಂದ ನಮ್ಮ ಲೆಕ್ಕಕ್ಕೂ 212 ಇದ್ದ ಬೀಜಗಳಿಗೂ ನಡುವೆ ಅಂತರವಿತ್ತು. ಇಂಥ ಅಂತರ ಪ್ರತಿ ಅಂದಾಜಿನಲ್ಲೂ ಇರುತ್ತದೆ. ಹೆಚ್ಚು ತಂಡಗಳು ಹೆಚ್ಚು ಜಾಗ ನೋಡಿದರೆ ಹಿಂದೆ ಕಣ್ಣಿಗೆ ಬೀಳದವೂ ಸಿಗುತ್ತವೆ. ಅದಕ್ಕೇ ಒಂದೆರಡು ಎಣಿಕೆಗೆ ನಿಲ್ಲಿಸದೆ 2020ರಲ್ಲೂ ಎಣಿಸಿದರು. ವರ್ಷ ವರ್ಷದ ಸಂಖ್ಯೆಗಳನ್ನು ಸಾಲಾಗಿ ಇಟ್ಟು ನೋಡಿದಾಗಲೇ ಏರಿಕೆ, ಇಳಿಕೆ ಸ್ಪಷ್ಟವಾಗುವುದು.

ಚಿತ್ರಗಳು ಸಂಖ್ಯೆಯನ್ನಷ್ಟೇ ಹೇಳುವುದಿಲ್ಲ. ಯಾವುದು ಗಂಡು, ಯಾವುದು ಹೆಣ್ಣು, ಮರಿಗಳೆಷ್ಟು ಎಂಬುದೂ ಅವುಗಳಲ್ಲಿ ಕಾಣುತ್ತದೆ. ಒಂದು ಪ್ರದೇಶದಲ್ಲಿ ದೊಡ್ಡ ಜೀಬ್ರಾಗಳು ಬೇಕಾದಷ್ಟಿದ್ದು ಮರಿಗಳೇ ಇಲ್ಲದಿದ್ದರೆ ಅಲ್ಲಿ ಏನೋ ತೊಂದರೆಯಿದೆ ಎಂದರ್ಥ. ನೀರು ದೂರವೇ? ಹುಲ್ಲು ಸಾಲದೇ? ಸಿಂಹಗಳ ಕಾಟ ಹೆಚ್ಚೇ? ಅಲ್ಲಿಗೇ ಹೋಗಿ ಕಾರಣ ಹುಡುಕಬಹುದು.

ಈ ಕೆಲಸ ಎರಡು ದಿನಕ್ಕೆ ಮುಗಿಯುವುದೂ ಇಲ್ಲ. ಸಂಬುರು ಸಮುದಾಯದ ಹೆಂಗಸರು, ಗಂಡಸರು ವರ್ಷವಿಡೀ ಗ್ರೇವಿ ಜೀಬ್ರಾಗಳ ಕಾವಲುಗಾರರಾಗಿ ದುಡಿಯುತ್ತಾರೆ. ಅವರಲ್ಲಿ ಅನೇಕರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಜಿಪಿಎಸ್ ಉಪಕರಣ ಹಿಡಿದು ನಡೆಯುತ್ತಾ ಎಲ್ಲಿ ಎಷ್ಟು ಜೀಬ್ರಾ ಕಂಡವು, ಮರಿ ಇತ್ತೇ ಎಂದು ದಾಖಲಿಸುವುದನ್ನು ಕಲಿತಿದ್ದಾರೆ. ತಮ್ಮ ಜಾನುವಾರುಗಳ ಹೆಜ್ಜೆ ಹಿಡಿದು ಹೋಗುವ ಕಣ್ಣು ಅವರಿಗೆ ಮೊದಲೇ ಇತ್ತು. ಅದೇ ಈಗ ವಿಜ್ಞಾನದ ಕೆಲಸಕ್ಕೆ ಬಂದಿದೆ.

ಇದರ ಬೆಲೆ ಬರಗಾಲದಲ್ಲಿ ತಿಳಿಯಿತು. 2022ರಲ್ಲಿ ಕೀನ್ಯಾದಲ್ಲಿ ಭೀಕರ ಬರ ಬಂತು. ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ 205 ಆನೆಗಳೂ 49 ಗ್ರೇವಿ ಜೀಬ್ರಾಗಳೂ ಸತ್ತವೆಂದು ಅಲ್ಲಿನ ಸರ್ಕಾರದ ವರದಿ ಹೇಳಿತು. ಒಟ್ಟು ಎಷ್ಟಿವೆ ಎಂದು ಗೊತ್ತಿಲ್ಲದಿದ್ದರೆ 49 ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತಿತ್ತು. ಇರುವುದೇ ಎರಡೂವರೆ, ಮೂರು ಸಾವಿರ ಎಂದು ಗೊತ್ತಿದ್ದಾಗ ಅದು ದೊಡ್ಡ ನಷ್ಟ. ಜೀಬ್ರಾಗಳು ಓಡಾಡುವ ಜಾಗಗಳು ತಿಳಿದಿದ್ದರಿಂದ ಅಲ್ಲಿಗೆ ಒಣಹುಲ್ಲು ಒಯ್ದು ಹಾಕಲು ಸಾಧ್ಯವಾಯಿತು.

ಮುಟ್ಟದೆ ಮಾಡುವ ಸೇವೆ

ಆಫ್ರಿಕಾದ ಕಾಡಿಗೆ ಸ್ವಯಂಸೇವಕರಾಗಿ ಹೋಗುವುದೆಂದರೆ ಸಿಂಹದ ಮರಿಯನ್ನು ಎತ್ತಿಕೊಂಡು ಹಾಲು ಕುಡಿಸುವುದು ಎಂದು ಹಲವರು ತಿಳಿದಿದ್ದಾರೆ. ದಕ್ಷಿಣ ಆಫ್ರಿಕಾದ ಕೆಲವು ಖಾಸಗಿ ಕೇಂದ್ರಗಳಲ್ಲಿ ಹಣ ಕೊಟ್ಟು ಬಂದವರ ಕೈಗೆ ಹೀಗೆ ಮರಿಗಳನ್ನು ಕೊಡುತ್ತಿದ್ದರು. ಮುದ್ದಾಗಿ ಕಾಣುತ್ತದೆ, ನಿಜ. ಆದರೆ ತಾಯಿಯಿಂದ ಬೇರೆ ಮಾಡಿದ, ಮನುಷ್ಯರ ಕೈಯಲ್ಲಿ ಬೆಳೆದ ಸಿಂಹ ಕಾಡಿನಲ್ಲಿ ಬದುಕಲಾರದು. ಇಂಥ ಮರಿ ಸಾಕಣೆ ನಿಲ್ಲಬೇಕು ಎಂದು ಆ ದೇಶದ ಸರ್ಕಾರ ನೇಮಿಸಿದ್ದ ಸಮಿತಿಯೇ 2021ರಲ್ಲಿ ಸಲಹೆ ನೀಡಿತು.

ಜೀಬ್ರಾ ಎಣಿಸಿದವರು ಒಂದು ಪ್ರಾಣಿಯನ್ನೂ ಮುಟ್ಟಲಿಲ್ಲ. ಅವು ಮೇಯುತ್ತಿದ್ದವು, ಇವರು ದೂರದಿಂದ ನೋಡಿದರು, ಬಲಕ್ಕೆ ತಿರುಗುವವರೆಗೆ ಕಾದರು, ಚಿತ್ರ ತೆಗೆದರು, ಹೊರಟುಬಂದರು. ಯಾವುದು ಪ್ರಾಣಿಗೆ ಉಪಕಾರ ಎಂದು ನೀವೇ ಯೋಚಿಸಿ.

ಮಾಡಿ ನೋಡಿ

1. ಹುಣಸೆ ಬೀಜ, ಅವರೆಕಾಳು ಅಥವಾ ಸಣ್ಣ ಕಲ್ಲುಗಳಿಂದ ಈ ಚಟುವಟಿಕೆಯನ್ನು ತರಗತಿಯಲ್ಲಿ ಮಾಡಿ. ಉದುರದ ಬಣ್ಣ ಬಳಸಿ. ಮೂರು ಸಲ ಮಾಡಿ, ಮೂರು ಉತ್ತರಗಳನ್ನೂ ನಿಜವಾದ ಸಂಖ್ಯೆಯನ್ನೂ ಹೋಲಿಸಿ. ಸರಿಯಾಗಿ ಕಲಕದಿದ್ದರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿ.

2. ನಿಮ್ಮ ಊರಿನಲ್ಲಿ ಬಿಳಿ, ಕಪ್ಪು ಮಚ್ಚೆಗಳಿರುವ ಹಸು ಇದೆಯೇ? ಅದರ ಎರಡೂ ಮೈಗಳನ್ನು ನೋಡಿ ಚಿತ್ರ ಬರೆಯಿರಿ. ಎರಡೂ ಕಡೆಯ ಮಚ್ಚೆಗಳು ಒಂದೇ ಥರ ಇವೆಯೇ? ಹಸುವಿನ ತಲೆ ನಿಮ್ಮ ಬಲಗಡೆಗಿದ್ದರೆ ನಿಮಗೆ ಕಾಣುವುದು ಅದರ ಬಲಮೈ.

3. ಒಂದು ಬಯಲಿನಲ್ಲಿ ಶನಿವಾರ 60 ಜೀಬ್ರಾಗಳು ಚಿತ್ರಕ್ಕೆ ಸಿಕ್ಕವು. ಭಾನುವಾರ 80 ಸಿಕ್ಕವು. ಎರಡೂ ದಿನ ಸಿಕ್ಕವು 16. ಒಟ್ಟು ಅಂದಾಜು ಎಷ್ಟು?

4. ಆ 16ರಲ್ಲಿ 4 ಜೀಬ್ರಾಗಳನ್ನು ಭಾನುವಾರ ಯಾರೋ ಅವಸರದಲ್ಲಿ ಎಡಗಡೆಯಿಂದ ತೆಗೆದುಬಿಟ್ಟರು ಎಂದುಕೊಳ್ಳಿ. ಆಗ ಅಂದಾಜು ಎಷ್ಟಾಗುತ್ತದೆ?

ಉತ್ತರ: ಮೂರನೆಯದಕ್ಕೆ 60 × 80 ÷ 16 = 300. ನಾಲ್ಕನೆಯದಕ್ಕೆ 60 × 80 ÷ 12 = 400. ನಾಲ್ಕೇ ಚಿತ್ರಗಳು ತಪ್ಪಿದ್ದಕ್ಕೆ, ಎಲ್ಲೂ ಇಲ್ಲದ 100 ಜೀಬ್ರಾಗಳು ಕಾಗದದ ಮೇಲೆ ಹುಟ್ಟಿಕೊಂಡವು.